ಉಗ್ರಬಾಹುವಿನ ನಾಲ್ಕು ಡಿಸ್ಕು

ಒಂದು ಕಿರೀಟವಿತ್ತಂತೆ, ಅದಕ್ಕೆ ರಾಜ ಇರಲಿಲ್ಲವಂತೆ. ರಾಜನಿಲ್ಲದ ಆ ಕಿರೀಟಕ್ಕೆ ಇಬ್ಬರು ರಾಣಿಯರು. ಒಬ್ಬಳಿಗೆ ಮಲಪನಗುಡಿಯಲ್ಲಿ ಒಂದೂವರೆ ಎಕರೆ ಜೋಳದ ಸಾಮ್ರಾಜ್ಯ. ಇನ್ನೊಬ್ಬಳಿಗೆ ಯಶವಂತನಗರದಲ್ಲಿ ಗಣಿ ಲಾರಿಗಳ ಕೆಂಪು ದೂಳು ಮೆತ್ತಿದ ಎರಡು ಕೋಣೆಯ ಅರಮನೆ. ಹೂಂ ಅನ್ನಿ. ಕೇಳುವವರು ಹೂಂಗುಟ್ಟದಿದ್ದರೆ ಕಥೆ ನಿಂತಲ್ಲೇ ನಿಲ್ಲುತ್ತದೆ. ಅರ್ಧಕ್ಕೆ ನಿಂತ ಕಥೆಯ ಮಂದಿ ಬಂದು ಬಾಗಿಲಲ್ಲಿ ಕೂತು, ‘ಆಮೇಲೆ ನಮಗೇನಾಯ್ತು?’ ಎಂದು ಕೇಳುತ್ತಾರೆ. ಇದು ಯಮನಮ್ಮಜ್ಜಿಯ ಕಟ್ಟಳೆ. ಅವಳ ಮೊಮ್ಮಗಳು ಅಂಜಲಿ ಈ ಕಟ್ಟಳೆಯಲ್ಲೇ ಬೆಳೆದು ಇಪ್ಪತ್ಮೂರು ವರ್ಷದವಳಾಗಿದ್ದರೂ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೊಸ್ತಿಲ ಮೇಲೆ ಯಾರಾದರೂ ಕೂತಿದ್ದಾರೆಯೇ ಎಂದು ಒಮ್ಮೆ ನೋಡಿಯೇ ಮುಂದಿನ ಹೆಜ್ಜೆ ಇಡುತ್ತಿದ್ದಳು.

ಕಿರೀಟವೇನೂ ಬಂಗಾರದ್ದಲ್ಲ. ಹಗುರ ಕಟ್ಟಿಗೆಗೆ ಬೇಗಡೆ ಅಂಟಿಸಿ, ಕನ್ನಡಿಯ ಚೂರು ಕೂರಿಸಿ ಮಾಡಿದ ಬಯಲಾಟದ ಕಿರೀಟ. ಅದನ್ನು ತೊಡುತ್ತಿದ್ದವನು ತಾಯಪ್ಪ. ಯಮನಮ್ಮ, ವಿರುಪಮ್ಮ ಎಂಬ ಇಬ್ಬರು ತಂಗಿಯರ ಒಬ್ಬನೇ ಅಣ್ಣ. ಆರಡಿ ಆಳು, ಹಗಲೆಲ್ಲ ಕಬ್ಬು ಕಡಿದು, ಆಟವಿದ್ದ ದಿನ ಉಗ್ರಬಾಹು ಎಂಬ ರಕ್ಕಸನಾಗುವವನು. ಮೂವತ್ತು ವರ್ಷದ ಹಿಂದೆ ಕಂಪ್ಲಿಯಲ್ಲಿ ಆಟ ನಡೆದಾಗ ರಾಜಕುಮಾರ ಮಣಿಶೇಖರನ ಎದುರಿಗೆ ಗದೆ ಎತ್ತಿ ನಿಂತ ತಾಯಪ್ಪನಿಗೆ ಮಾತು ಮರೆತುಹೋಯಿತು. ಹೆಂಗಸರ ಗುಂಪಿನಲ್ಲಿ ಅಕ್ಕಪಕ್ಕ ಕೂತಿದ್ದ ತಂಗಿಯರಿಬ್ಬರೂ ಒಟ್ಟಿಗೆ ಕೂಗಿ ಮಾತು ಎತ್ತಿಕೊಟ್ಟರು. ಒಬ್ಬಳ ದನಿ ರಂಗಕ್ಕೆ ಮುಟ್ಟಿತು. ಯಾರದು? ತಾಯಪ್ಪ ಸಾಯುವಾಗ, ‘ನನ್ನ ಮಾನ ಉಳಿಸಿದಾಕಿಗೆ ನನ್ನ ಕಿರೀಟ’ ಎಂದಷ್ಟೇ ಹೇಳಿ, ಮುಗುಳ್ನಕ್ಕು ಕಣ್ಣು ಮುಚ್ಚಿದ್ದ. ಹೆಸರು ಹೇಳಲಿಲ್ಲ. ಅಂದಿನಿಂದ ಕಿರೀಟ ವಿರುಪಮ್ಮನ ಟ್ರಂಕಿನಲ್ಲಿ ಹಳೆಯ ಸೀರೆ ಸುತ್ತಿಕೊಂಡು ಮಲಗಿತ್ತು, ಜಗಳ ಮಾತ್ರ ಎದ್ದೇ ಇತ್ತು.

ಅಂಜಲಿ ಹಂಪಿ ಬಜಾರಿನಲ್ಲಿ ನಕಾಶೆ, ಚಿತ್ರದ ಕಾರ್ಡು ಮಾರುವ ಅಂಗಡಿಯಲ್ಲಿ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಗಿರಾಕಿಯಿಲ್ಲದೆ ಫೋನು ತೀಡುತ್ತಿದ್ದಾಗ ‘ಉಗ್ರಬಾಹು ವಧೆ, ಕಂಪ್ಲಿ, ಸಂಪೂರ್ಣ’ ಎಂಬುದು ಎದುರಾಯಿತು. ಕಂಪ್ಲಿಯ ಮನೋಹರ್ ಮಾಸ್ತರರು ಅಂದು ಹಳೆಯ ಕ್ಯಾಮೆರಾದಲ್ಲಿ ಹಿಡಿದಿದ್ದ ಆಟವನ್ನು ನಾಲ್ಕು ಭಾಗ ಮಾಡಿ ಈಗ ಇಂಟರ್ನೆಟ್ಟಿಗೆ ಹಾಕಿದ್ದರು. ಅಂಜಲಿ ನಾಲ್ಕನ್ನೂ ಇಳಿಸಿಕೊಂಡಳು. ಮೊದಲ ಭಾಗದಲ್ಲಿ ತೊಡೆ ತಟ್ಟುತ್ತ ಬಂದ ತಾಯಪ್ಪಜ್ಜನನ್ನು ನೋಡುತ್ತ ಎಂಥ ಕನಸಿಗೆ ಜಾರಿದಳೆಂದರೆ, ಮೂವರು ಪ್ರವಾಸಿಗರು ನಕಾಶೆ ಕೇಳಿ ಕೇಳಿ ಪಕ್ಕದಂಗಡಿಗೆ ಹೋದರು.

ಸುದ್ದಿ ಕೇಳಿ ಯಮನಮ್ಮಜ್ಜಿ ಕುಣಿಯುವುದೊಂದು ಬಾಕಿ. “ಸಿಕ್ಕಿತಲ್ಲೇ ಸಾಕ್ಷಿ! ಹಚ್ಚು ಫೋನು ಆ ವಿರುಪಿಗೆ.”

ಆ ಕಡೆಯಿಂದ ವಿರುಪಮ್ಮ ದೊಡ್ಡಜ್ಜಿ ಗುಡುಗಿದಳು. “ಫೋನಿನ್ಯಾಗ ತೋರಿಸ್ತಿಯೇನೇ? ಆರಡಿ ಅಣ್ಣನ್ನ ಅಂಗೈಯಾಗ ಕುಗ್ಗಿಸಿ ನೋಡಲ್ಲ ನಾನು. ನನ್ನ ಮನ್ಯಾಗ ದೊಡ್ಡ ಟೀವಿ ಐತೆ, ಡಿಸ್ಕಿನ ಪೆಟ್ಟಿಗೆ ಐತೆ. ಅದರಾಗ ಹಾಕಿ, ಸುರುವಿನಿಂದ ಕೊನೀಮಟ ಆಟ ತೋರಿಸು. ಯಾರ ದನಿ ಅಂತ ಹತ್ತು ಮಂದಿ ಕೇಳ್ಲಿ. ಭರತ ಹುಣ್ಣಿಮೆವರೆಗೂ ಕಾಯ್ತೀನಿ. ಆಗಲಿಲ್ಲಂದ್ರ ಕಿರೀಟ ನಮ್ಮ ಗೋಡೆಗೆ ಮೊಳೆ ಹೊಡೆದು ಹಾಕ್ತೀನಿ. ಆಮ್ಯಾಲೆ ಯಾರೂ ತುಟಿ ಬಿಚ್ಚಂಗಿಲ್ಲ.”

“ತರ್ತೀನಿ ದೊಡ್ಡಜ್ಜಿ,” ಎಂದಳು ಅಂಜಲಿ. “ಸುರುವಿನಿಂದ ಕೊನೀಮಟ. ಮಾತು ಕೊಟ್ಟೆ.”

ಮಾತು ಕೊಡುವುದು ಸುಲಭ, ಡಿಸ್ಕು ಕೊಡುವುದು ಕಷ್ಟ ಎಂದು ಅವಳಿಗೆ ಹೊಸಪೇಟೆಯ ಅಂಗಡಿ ಬೀದಿಯಲ್ಲೇ ಗೊತ್ತಾಯಿತು. ಖಾಲಿ ಡಿವಿಡಿ ಇದೆಯೇ ಎಂದು ಕೇಳಿದರೆ ಅಂಗಡಿಯವರು ಅವಳು ಬೀಸುಕಲ್ಲಿಗೆ ಬ್ಯಾಟರಿ ಕೇಳಿದ ಹಾಗೆ ನೋಡಿದರು. ಕೊನೆಗೆ ಸಿಕ್ಕಿದ್ದು ಮನೆಯಲ್ಲೇ. ಅಣ್ಣ ದುರುಗೇಶ್ ಕಾರ್ಖಾನೆಯ ಕೆಲಸಕ್ಕೆ ಸೇರುವ ಮೊದಲು ಮದುವೆ ವಿಡಿಯೋ ತೆಗೆಯುತ್ತಿದ್ದ. ಅವನ ಹಳೆಯ ಕಂಪ್ಯೂಟರು ಜೋಳದ ಚೀಲಗಳ ಪಕ್ಕ ಬಟ್ಟೆ ಹೊದ್ದು ಕೂತಿತ್ತು. ಅದರ ಹಿಂದೊಂದು ಡಬ್ಬಿಯಲ್ಲಿ ಉಳಿದಿದ್ದವು ನಾಲ್ಕು ಖಾಲಿ ಡಿಸ್ಕು. ನಾಲ್ಕೇ ನಾಲ್ಕು.

ಮೊದಲನೆಯದನ್ನು ಅವಳು ಅಣ್ಣನನ್ನು ಕೇಳದೆ ತಾನೇ ಮಾಡಿದಳು. ನಾಲ್ಕು ಫೈಲು ಎಳೆದು ಡಿಸ್ಕಿನ ಚಿತ್ರದ ಮೇಲೆ ಬಿಟ್ಟಳು. ಪೆಟ್ಟಿಗೆ ಗುಯ್ ಎಂದಿತು. ಡಿಸ್ಕು ಬೆಚ್ಚಗೆ ಹೊರಗೆ ಬಂತು. ಕಂಪ್ಯೂಟರಿನಲ್ಲಿ ಹಾಕಿದರೆ ಆಟ ಓಡಿತು. ಅಜ್ಜಿ ಮೊಮ್ಮಗಳು ಹೊಸಪೇಟೆಯಲ್ಲಿ ಬಸ್ಸು ಹತ್ತಿ, ಸಂಡೂರಿನಲ್ಲಿ ಇನ್ನೊಂದು ಹತ್ತಿ, ಯಶವಂತನಗರದಲ್ಲಿ ಇಳಿಯುವ ಹೊತ್ತಿಗೆ ಇಬ್ಬರ ಸೆರಗೂ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ವಿರುಪಮ್ಮನ ಮಗ ಮೌನೇಶ್ ಕಂಪನಿ ಬಸ್ಸಿನ ಡ್ರೈವರು. ಅವನು ಡಿಸ್ಕನ್ನು ಪೆಟ್ಟಿಗೆಯ ಬಾಯಿಗೆ ಇಟ್ಟ. ಪೆಟ್ಟಿಗೆ ನುಂಗಿತು, ಸ್ವಲ್ಪ ಹೊತ್ತು ಹೊಟ್ಟೆಯಲ್ಲಿ ತಿರುಗಿಸಿತು, ‘ಡಿಸ್ಕ್ ತಪ್ಪು’ ಎಂಬ ಅರ್ಥದ ನೀಲಿ ಅಕ್ಷರ ತೋರಿಸಿ ಹೊರಗೆ ಉಗುಳಿತು. ಇನ್ನೊಮ್ಮೆ ಇಟ್ಟರು, ಇನ್ನೊಮ್ಮೆ ಉಗುಳಿತು.

“ನನ್ನ ಪೆಟ್ಟಿಗಿ ಸುಳ್ಳು ತಿನ್ನಂಗಿಲ್ಲ, ಯಮನಿ,” ಎಂದಳು ವಿರುಪಮ್ಮ ಎಲೆ ಮಡಿಸುತ್ತ.

“ನಿನ್ನ ಪೆಟ್ಟಿಗಿಗೆ ಹಲ್ಲಿಲ್ಲ, ನಿನ್ನಂಗ!” ಎಂದು ಅಜ್ಜಿ ಎದ್ದೇಬಿಟ್ಟಳು. ಚಹಾ ಕುಡಿಯುವಷ್ಟು ಹೊತ್ತೂ ಕೂರಲಿಲ್ಲ.

ಮರುದಿನ ಅಜ್ಜಿ ಆ ಡಿಸ್ಕಿನ ತೂತಿಗೆ ದಾರ ಪೋಣಿಸಿ ಹೊಲಕ್ಕೆ ಒಯ್ದಳು. ಜೋಳ ಹಾಲುಗಾಳು ಕಟ್ಟಿತ್ತು. ಮಲಪನಗುಡಿಯಲ್ಲಿ ಹಾಡು ನಿಂತ ಡಿಸ್ಕುಗಳೆಲ್ಲ ಕೊನೆಗೆ ಸೇರುವುದು ಹೊಲಕ್ಕೇ. ಗೂಟಕ್ಕೆ ಕಟ್ಟಿದರೆ ಗಾಳಿಗೆ ತಿರುಗಿ ಫಳಫಳ ಅನ್ನುತ್ತದೆ, ಗಿಳಿಗಳು ಹತ್ತಿರ ಸುಳಿಯುವುದಿಲ್ಲ.

ಅಂಜಲಿ ಅಣ್ಣನಿಗೆ ಫೋನು ಮಾಡಿದಳು. ಕಾರ್ಖಾನೆಯ ಕ್ಯಾಂಟೀನಿನ ಗದ್ದಲದ ನಡುವೆ ದುರುಗೇಶ್ ನಗಾಡಿದ. “ಲೇ ಹುಚ್ಚಿ, ಫೈಲು ಹಂಗಹಂಗೇ ಕಾಪಿ ಮಾಡಿದ್ರ ಕಂಪ್ಯೂಟರ್ ಓದ್ತೈತೆ, ಹಳೇ ಪ್ಲೇಯರ್ ಓದಲ್ಲ. ಅದು ಮುದುಕಿ ಇದ್ದಂಗ, ಅಗಿದು ಮೆತ್ತಗ ಮಾಡಿ ಕೊಡಬೇಕು. ಡೆಸ್ಕ್‌ಟಾಪ್ ಮ್ಯಾಲೆ ನನ್ನ ಸಾಫ್ಟ್‌ವೇರ್ ಐತೆ ನೋಡು, ನಾಲ್ಕೂ ಫೈಲ್ ಅದರಾಗ ಜೋಡಿಸು. ಡಿವಿಡಿ ವಿಡಿಯೋ ಅಂತ ಆರಿಸು. ಅದೇ ಬದಲು ಮಾಡ್ಕೊಂತೈತೆ, ಮೂರು ನಾಲ್ಕು ತಾಸು ಆಗ್ತೈತೆ. ಬರೆಯೋ ಮುಂದ ನಿಧಾನ ಸ್ಪೀಡ್ ಇಡು. ಕೊನಿಗೆ ಫೈನಲೈಸ್ ಅನ್ನೋದಕ್ಕ ಟಿಕ್ ಹಾಕೋದು ಮರೀಬ್ಯಾಡ. ಹಾಕದಿದ್ರ ಬಾಗಿಲು ಮುಚ್ಚದ ಮನಿ ಅದು, ಪ್ಲೇಯರ್ ಒಳಗ ಬರಲ್ಲ.”

ಎಲ್ಲವನ್ನೂ ಅವಳು ಹಾಗೇ ಮಾಡಿದಳು. ನಾಲ್ಕು ತಾಸು ಹಸಿರು ಪಟ್ಟಿ ಇರುವೆಯ ಹಾಗೆ ತೆವಳಿತು. ಎರಡನೆಯ ಡಿಸ್ಕು ಬಂತು. ಹಾಕಿ ನೋಡಿದರೆ ಪರದೆಯ ತುಂಬ ಗುಲಾಬಿ ಎಸಳು ಉದುರಿದವು, ಶಹನಾಯಿ ಊದಿತು, ‘ಶುಭವಿವಾಹ’ ಎಂದು ಬಂಗಾರದ ಅಕ್ಷರ ಮೂಡಿತು. ಅದರಡಿಯಲ್ಲಿ, ಹೃದಯದಾಕಾರದ ಚೌಕಟ್ಟಿನೊಳಗೆ, ಮಾರುದ್ದ ಮೀಸೆ ತಿರುವುತ್ತ ಉಗ್ರಬಾಹು! ಪ್ರತಿ ಐದು ನಿಮಿಷಕ್ಕೊಮ್ಮೆ ಅವನು ಎರಡು ಪಾರಿವಾಳಗಳ ನಡುವೆ ಕರಗಿ, ಮಣಿಶೇಖರನ ಕೆನ್ನೆಯ ಪಕ್ಕ ಮೂಡುತ್ತಿದ್ದ. ದುರುಗೇಶ್ ತನ್ನ ಮದುವೆ ಅಲಂಕಾರವನ್ನೆಲ್ಲ ಆ ಸಾಫ್ಟ್‌ವೇರಿನಲ್ಲಿ ಕಾಯಂ ಮಾಡಿಟ್ಟಿದ್ದ.

ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ನಮ್ಮಣ್ಣಗ ಸತ್ತ ಮ್ಯಾಲೆ ಎರಡನೇ ಮದುವಿ ಮಾಡಿದಿ. ಅದೂ ವೈರಿ ಜೊತಿಗೆ!” ಆ ಡಿಸ್ಕೂ ಗಿಳಿಗಳ ಪಾಲಾಯಿತು.

ಅಂಜಲಿ ಒಂದೊಂದೇ ಅಲಂಕಾರ ಹುಡುಕಿ ತೆಗೆದಳು. ಹೃದಯ ಹೋಯಿತು, ಪಾರಿವಾಳ ಹಾರಿತು, ಶಹನಾಯಿ ನಿಂತಿತು. ಮೂರನೆಯದನ್ನು ಮಾಡಲು ಕೂರುವ ಮೊದಲು, ಮಾತೂ ತುಟಿಯೂ ಕೂಡುತ್ತಿವೆಯೇ ಎಂದು ನೋಡಲು ಮೂರನೆಯ ಭಾಗ ಹಚ್ಚಿದಳು. ಅಷ್ಟರಲ್ಲಿ ನಲ್ಲಿಗೆ ನೀರು ಬಂತೆಂದು ಬೀದಿಯಲ್ಲಿ ಕೂಗೆದ್ದಿತು. ಅವಳು ಕೊಡ ಎತ್ತಿಕೊಂಡು ಓಡಿದಳು. ಅಜ್ಜಿ ಕುಕ್ಕರುಗಾಲಲ್ಲಿ ಕೂತು ಪರದೆಗೆ ಹೂಂಗುಟ್ಟುತ್ತಿದ್ದಳು.

ಆರು ಕೊಡ ತುಂಬಿಸಿ ಬಂದಾಗ ಹೂಂಗುಟ್ಟುವುದು ನಿಂತಿತ್ತು. ಪರದೆಯ ಮೇಲೆ ಅಜ್ಜಿಯ ಟವೆಲು ಬಿದ್ದಿತ್ತು. ಆಟವೂ ನಿಂತಿತ್ತು, ಯಾಕೆಂದರೆ ಗೋಡೆಯ ಪ್ಲಗ್ಗು ಅಜ್ಜಿಯ ಕೈಯಲ್ಲಿತ್ತು.

“ಕರೆಂಟು ಹೋತು,” ಎಂದಳು ಅಜ್ಜಿ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಅಂಜಲಿಗೆ ಆಗ ಏನೂ ಹೊಳೆಯಲಿಲ್ಲ. ಮರುದಿನ ಮೂರನೆಯ ಡಿಸ್ಕು ಮಾಡಿ ಮುಗಿಸಿದಳು, ಅಚ್ಚುಕಟ್ಟಾಗಿ ಬಂತು. ಕಾಗದದ ಲಕೋಟೆಯಲ್ಲಿ ಹಾಕಿ ದೇವರ ಗೂಡಿನಲ್ಲಿಟ್ಟು ಅಂಗಡಿಗೆ ಹೋದಳು. ಸಂಜೆ ಬಂದು ನೋಡಿದರೆ ಲಕೋಟೆ ಇತ್ತು, ಡಿಸ್ಕು ಇರಲಿಲ್ಲ.

ಹೊಲದಲ್ಲಿ ಮೂರು ಡಿಸ್ಕು ತಿರುಗುತ್ತಿದ್ದವು. ಮೂರನೆಯದರ ಮೇಲೆ ಕಲ್ಲಿನಿಂದ ಗೀಚಿದ ಗೆರೆ. ಅದರ ಕೆಳಗೆ ಬದುವಿನ ಮೇಲೆ ಅಜ್ಜಿ, ತೆನೆ ಕಾಯುವವಳ ಗಾಂಭೀರ್ಯದಲ್ಲಿ.

“ಇದೇನಜ್ಜಿ?”

“ನನಗೇನ್ ಗೊತ್ತು ತಾಯಿ? ಎರಡು ಕೆಟ್ಟವು, ಇದೂ ಕೆಟ್ಟಿದ್ದೇ ಅನ್ಕಂಡೆ.”

“ದೇವರ ಗೂಡಿನ್ಯಾಗ ಕೆಟ್ಟಿದ್ದು ಇಡ್ತಾರೇನು? ಗಿಳಿ ಬಂದು ಕಲ್ಲಿಲೆ ಗೀಚ್ತೇನು?”

ಅಜ್ಜಿ ಒಂದು ತೆನೆ ಮುರಿದು, ಕಾಳು ಬಿಡಿಸಿ, ಒಂದೊಂದೇ ಬಾಯಿಗೆ ಹಾಕಿಕೊಂಡಳು. ಆಮೇಲೆ ಹೇಳಿದಳು. “ದನಿ ನಂದೇ ಐತೆ.”

“ಮತ್ತ? ಗೆದ್ದಿಯಲ್ಲ! ಕಿರೀಟ ನಿಂದಲ್ಲ?”

“ಸುಡ್ಲಿ ಕಿರೀಟ. ನಾನು ಕೂಗಿದ್ದೇನು ಗೊತ್ತೈತೇನು? ಅಣ್ಣ ‘ಎಲವೋ ಮಣಿಶೇಖರ, ನಿನ್ನ ಕಾಲ ಮುಗಿಯಿತು’ ಅನ್ನಬೇಕಿತ್ತು. ನಾನು ಒದರಿದ್ದು, ‘ಎಲವೋ ಉಗ್ರಬಾಹು, ನಿನ್ನ ಕಾಲ ಮುಗಿಯಿತು!’ ಅದು ವೈರಿ ಮಾತು! ತಾಲೀಮು ಕೇಳಿ ಕೇಳಿ ಎರಡೂ ಬಾಯಾಗಿದ್ವು, ಅವಸರದಾಗ ತಪ್ಪಿದ್ದು ಹೊರಗ ಬಂತು. ಅಣ್ಣ ಹಂಗೇ ಅಂದುಬಿಟ್ಟ. ಗದೆ ಎತ್ತಿ, ತನ್ನ ಹೆಸರು ತಾನೇ ಕರದು, ತನಗ ತಾನೇ ಸಾವು ಹೇಳ್ಕಂಡ. ಮಂದಿ ಹೋ ಅಂತ ನಕ್ಕರು. ಅವತ್ತು ಆ ಗದ್ದಲದಾಗ ಅಣ್ಣನ ಮಾತು ನಮ್ಮಿಬ್ಬರ ಕಿವಿಗೂ ಬೀಳಲಿಲ್ಲ, ಮಂದಿ ನಗೋದನ್ನ ನಾನು ಚಪ್ಪಾಳಿ ಅನ್ಕಂಡಿದ್ದೆ. ಮೂವತ್ತು ವರ್ಷ ಅದನ್ನೇ ಹೇಳ್ಕಂತ ಬಂದೆ. ‘ಮಾನ ಉಳಿಸಿದಾಕಿ’ ಅಂತ ಅಣ್ಣ ನಕ್ಕಿದ್ದು ಯಾಕಂತ ಈಗ ತಿಳೀತು. ಚೇಷ್ಟಿ ಮಾಡಿ ಹೋದ ನೋಡು.”

ಅಂಜಲಿ ನಗು ತಡೆಯಲು ಸೆರಗು ಕಚ್ಚಿದಳು.

“ಆ ಜಾಗ ಕತ್ತರಿಸಿಬಿಡು. ಅಷ್ಟೇ ಅಷ್ಟು, ಬೆರಳಷ್ಟು,” ಎಂದು ಅಜ್ಜಿ ಗೋಗರೆದಳು.

“ಸುರುವಿನಿಂದ ಕೊನೀಮಟ ಅಂತ ಮಾತು ಕೊಟ್ಟೀನಿ. ನಡುವ ಕತ್ತರಿಸಿದ್ರ ಉಗ್ರಬಾಹು ಬಂದು ನಮ್ಮ ಬಾಗಿಲಾಗ ಕುಂದ್ರಲ್ಲೇನು? ಆರಡಿ ಆಳು, ದಾಟಾಕ ಬರಲ್ಲ. ನೀನೇ ಹೇಳಿದ ಕಟ್ಟಳಿ. ಅದಿರ್ಲಿ, ಆಮ್ಯಾಲೆ ಏನಾತು?”

“ಯಾರಿಗೆ ಗೊತ್ತು? ನಗು ಕೇಳಿದ್ದೇ ಪ್ಲಗ್ಗು ಕಿತ್ತೆ.”

“ಅಂದ್ರ ಅರ್ಧಕ್ಕ ನಿಲ್ಸಿದಾಕಿ ನೀನೇ!”

ಅಜ್ಜಿ ಇನ್ನೊಂದು ತೆನೆ ಮುರಿದಳು. ಅಷ್ಟರಲ್ಲಿ ಅವಳ ಕಣ್ಣಲ್ಲಿ ಒಂದು ಹೊಳಪು ಮೂಡಿತು. ಅಂಜಲಿಗೆ ಚಿಕ್ಕಂದಿನಿಂದ ಪರಿಚಯವಿದ್ದ, ಕಥೆಯ ನರಿ ಬಾವಿಯಿಂದ ಮೇಲೆ ಬರುವ ಉಪಾಯ ಕಂಡಾಗ ಮೂಡುವ ಹೊಳಪು. “ಆಗ್ಲಿ, ಮಾಡು ಡಿಸ್ಕು. ಆದ್ರ ಅದು ವಿರುಪಿ ದನಿ ಅಂತ ನಾನೇ ಒಪ್ಪಿಬಿಡ್ತೀನಿ, ದನಿ ಬರೋಕಿಂತ ಮುಂಚೆ. ಕಿರೀಟ ಆಕೀದೇ ಆಗ್ಲಿ. ನಗೆಪಾಟಲೂ ಆಕೀದೇ ಆಗ್ಲಿ.”

ಉಳಿದದ್ದು ಒಂದೇ ಡಿಸ್ಕು, ಹುಣ್ಣಿಮೆಗೆ ಉಳಿದದ್ದು ಎರಡೇ ದಿನ. ಅಂಜಲಿ ಅಂಗಡಿಗೆ ರಜೆ ಹಾಕಿದಳು. ಪ್ಲಗ್ಗಿನ ಮುಂದೆ ತಾನೇ ಕೂತಳು. ಮೂರನೆಯ ಭಾಗದಲ್ಲಿ ಆಮೇಲೇನಾಯಿತೆಂದು ನೋಡುವ ಆಸೆ ಎರಡು ಸಲ ಬೆರಳ ತುದಿಗೆ ಬಂತು. ಆದರೆ ದೊಡ್ಡ ಟೀವಿಯಲ್ಲಿ, ಎಲ್ಲರ ನಡುವೆ, ಆರಡಿಯಾಗಿಯೇ ನೋಡಬೇಕೆಂದು ತಡೆದುಕೊಂಡಳು. ನಿಧಾನ ಸ್ಪೀಡು, ಫೈನಲೈಸಿಗೆ ಟಿಕ್ಕು. ಆಟದ ಪ್ರತಿ ದೃಶ್ಯದ ಮೊದಲಿಗೆ ನೇರ ಹೋಗುವಂತೆ ಒಂದೊಂದು ಗುರುತೂ ಹಾಕಿದಳು. ನಾಲ್ಕನೆಯ ಡಿಸ್ಕು ಹೊರಗೆ ಬಂದಾಗ ಅದನ್ನು ದೇವರ ಗೂಡಿಗೂ ನಂಬದೆ ತನ್ನ ದಿಂಬಿನ ಚೀಲದೊಳಗೆ ಇಟ್ಟು ಹೊಲಿದುಬಿಟ್ಟಳು.

ಹುಣ್ಣಿಮೆಯ ಬೆಳಗ್ಗೆ ಯಶವಂತನಗರದ ಆ ಕೋಣೆಯಲ್ಲಿ ಹತ್ತಲ್ಲ, ಇಪ್ಪತ್ತು ಮಂದಿ. ಪಾಳಿ ಮುಗಿಸಿದ ಗಣಿ ಕೆಲಸದವರು ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಿರೀಟ ಸೀರೆ ಬಿಚ್ಚಿಸಿಕೊಂಡು ಟೀವಿಯ ಮೇಲೆ ಕೂತಿತ್ತು. ಪಕ್ಕದ ಗೋಡೆಯಲ್ಲಿ ಮೊಳೆ ಆಗಲೇ ಹೊಡೆದಾಗಿತ್ತು. ಮೌನೇಶ್ ಡಿಸ್ಕು ಇಟ್ಟ. ಪೆಟ್ಟಿಗೆ ನುಂಗಿತು. ತಿರುಗಿಸಿತು. ಇನ್ನೂ ತಿರುಗಿಸಿತು.

ಮದ್ದಳೆ ಬಡಿಯಿತು. ‘ಉಗ್ರಬಾಹು ವಧೆ’ ಎಂಬ ಅಕ್ಷರ ಟೀವಿಯ ತುಂಬ ಮೂಡಿತು.

“ತಿಂತು!” ಎಂದು ಮೌನೇಶ್ ತೊಡೆ ತಟ್ಟಿದ.

ತಾಯಪ್ಪ ಬಂದ. ವಿರುಪಮ್ಮ ಎರಡೂ ಕೈ ಮುಗಿದಳು. “ನೋಡು, ಎಷ್ಟ್ ಎತ್ತರ ನಮ್ಮಣ್ಣ.” ಮೊದಲ ಭಾಗ, ಎರಡನೆಯ ಭಾಗ; ನಡುವೆ ಎರಡು ಸಲ ಚಹಾ, ಒಂದು ಸಲ ಮಿರ್ಚಿ ಮಂಡಕ್ಕಿ. ಅಜ್ಜಿ ಮಾತ್ರ ಏನೂ ಮುಟ್ಟಲಿಲ್ಲ. ಮಣಿಶೇಖರ ಕತ್ತಿ ಹಿರಿದು ಬಂದದ್ದೇ ಎದ್ದು ನಿಂತಳು.

“ಅಕ್ಕಾ,” ಎಂದಳು, ಜೇನು ಸುರಿಯುವ ದನಿಯಲ್ಲಿ. “ಎಷ್ಟು ದಿನ ಜಗಳಾಡೋದು? ಹತ್ತು ಮಂದಿ ಮುಂದ ಒಪ್ಕಂತೀನಿ. ಅವತ್ತು ಅಣ್ಣಗ ಮುಟ್ಟಿದ್ದು ನಿನ್ನ ದನಿ. ಕಿರೀಟ ನಿಂದು.”

ವಿರುಪಮ್ಮ ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಬಿಟ್ಟಳು. ಮೂವತ್ತು ವರ್ಷದಲ್ಲಿ ಇಂಥದ್ದು ನಡೆದಿರಲಿಲ್ಲ. “ಕೇಳಿದ್ರೇನಪ್ಪ ಎಲ್ಲಾರೂ? ನಾನೇ! ನಂದೇ ದನಿ! ಈಗ ಬರ್ತೈತೆ, ಕೇಳ್ರಿ ಕಿವಿಗೊಟ್ಟು!” ಎಂದು ಕಿರೀಟ ಇಳಿಸಿಕೊಂಡು ಮಡಿಲಲ್ಲಿಟ್ಟುಕೊಂಡಳು.

ಟೀವಿಯಲ್ಲಿ ತಾಯಪ್ಪ ಗದೆ ಎತ್ತಿದ. ಬಾಯಿ ತೆರೆದ. ತೆರೆದೇ ನಿಂತ. ಆಗ ಹೆಂಗಸರ ಕಡೆಯಿಂದ ಒಂದು ದನಿ, ‘ಎಲವೋ ಉಗ್ರಬಾಹು, ನಿನ್ನ ಕಾಲ ಮುಗಿಯಿತು!’ ಎಂದು ಕಿರುಚಿತು. ಉಗ್ರಬಾಹು ಅದನ್ನೇ ಆಕಾಶ ಬಿರಿಯುವಂತೆ ಘರ್ಜಿಸಿದ.

ಮೂವತ್ತು ವರ್ಷದ ಹಿಂದಿನ ಕಂಪ್ಲಿಯೂ ಇಂದಿನ ಯಶವಂತನಗರವೂ ಒಟ್ಟಿಗೆ ಬಿದ್ದು ಬಿದ್ದು ನಕ್ಕವು. ಒಬ್ಬನ ಹೆಲ್ಮೆಟ್ಟು ಉರುಳಿ ಅಡುಗೆಮನೆ ಸೇರಿತು.

“ನಂದಲ್ಲ!” ವಿರುಪಮ್ಮ ಕಿರೀಟವನ್ನು ಕೆಂಡದಂತೆ ತಂಗಿಯ ಮಡಿಲಿಗೆ ನೂಕಿದಳು. “ನಂದಲ್ಲ ಆ ದನಿ! ಇದು ಯಮನಿ ದನಿ, ಕಾಗಿ ಕೂಗಿದಂಗ ಐತೆ!”

“ಈಗ ತಾನೆ ನಂದೇ ಅಂದಿಯಲ್ಲವ್ವ, ಇಪ್ಪತ್ತು ಮಂದಿ ಕೇಳ್ಯಾರ,” ಎಂದು ಅಜ್ಜಿ ಅದನ್ನು ವಾಪಸು ನೂಕಿದಳು.

“ಇಟ್ಕ ಅಂದ್ರ!”

“ನೀನೇ ಇಟ್ಕ!”

“ಸುಮ್ನಿರ್ರಿ ಇಬ್ರೂ! ಮುಂದೇನೋ ಅಂತಾನ,” ಎಂದಳು ಅಂಜಲಿ.

ಟೀವಿಯಲ್ಲಿ ನಗು ಇಳಿದಿರಲಿಲ್ಲ. ತಾಯಪ್ಪ ಗದೆಯನ್ನು ನೆಲಕ್ಕೂರಿದ. ಮೀಸೆಯಡಿ ನಗು ಅಡಗಿಸಿಕೊಂಡು ಹೆಂಗಸರ ಕಡೆ ತಿರುಗಿದ. ‘ಕೇಳಿದಿರಾ ಸಭಿಕರೇ! ವೈರಿ ಹೇಳಬೇಕಾದ ಮಾತನ್ನು ಒಡಹುಟ್ಟಿದ ತಂಗಿಯೇ ಹೇಳಿಬಿಟ್ಟಳು. ತವರಿನವರೇ ಅಪ್ಪಣೆ ಕೊಟ್ಟ ಮೇಲೆ ಇನ್ನೆಲ್ಲಿಯ ಸಾವಿನ ಭಯ? ಬಾರೋ ಮಣಿಶೇಖರ!’ ಎಂದು ಎದೆ ಸೆಟೆಸಿ ನಿಂತ. ಮದ್ದಳೆಯವನು ಹುಚ್ಚೆದ್ದು ಬಡಿದ. ಸಿಳ್ಳೆ, ಚಪ್ಪಾಳೆ, ಗಾಳಿಗೆ ಹಾರಿದ ರುಮಾಲುಗಳು. ಮರೆತ ಮಾತು ಯಾರಿಗೂ ನೆನಪಿರಲಿಲ್ಲ.

ಕೋಣೆಯಲ್ಲಿ ನಗು ತಣ್ಣಗಾಯಿತು. ಅಜ್ಜಿ ಅಂದು ಕೇಳಿದ್ದು ನಗುವೂ ಹೌದು, ಚಪ್ಪಾಳೆಯೂ ಹೌದು.

ಮೊದಲು ಚೇತರಿಸಿಕೊಂಡವಳು ವಿರುಪಮ್ಮ. “ನನ್ನ ಕಡೀಗೇ ನೋಡಿದ ಅಣ್ಣ. ಒಮ್ಮೆ ಸರಿಯಾಗಿ ಕೇಳಿದ್ರ ಅದು ನಂದೇ ದನಿ...”

“ಕಾಗಿ ಕೂಗಿದಂಗ ಐತೆ ಅಂದಿ,” ಎಂದಳು ಅಜ್ಜಿ. “ಕಾಗಿ ನಾನೇ.” ಮತ್ತು ಯಾರಾದರೂ ಏನಾದರೂ ಹೇಳುವ ಮೊದಲೇ ಕಿರೀಟ ಎತ್ತಿ ತಲೆಗಿಟ್ಟುಕೊಂಡಳು. ಅದು ತಾಯಪ್ಪನ ತಲೆಯ ಅಳತೆಯದು; ಜರ್ರನೆ ಜಾರಿ ಅವಳ ಮೂಗಿನ ಮೇಲೆ ನಿಂತಿತು.

ವಿರುಪಮ್ಮ ನೋಡಿದಳು. ನಗಬಾರದೆಂದು ತುಟಿ ಬಿಗಿದಳು. ಆಗಲಿಲ್ಲ. ಕೈಚಾಚಿ ಕಿರೀಟವನ್ನು ತಂಗಿಯ ಕಣ್ಣಿನಿಂದ ಮೇಲಕ್ಕೆ ಎತ್ತಿ ಹಿಡಿದಳು. “ನೋಡು ಮುಂದಿಂದು, ಕುರುಡಿ. ಆಟ ಮುಗಿಯೋಮಟ ಹಿಡ್ಕಂತೀನಿ. ಹೂಂ ಅನ್ನು.”

“ಹೂಂ,” ಎಂದಳು ಅಜ್ಜಿ.

ಉಗ್ರಬಾಹು ಇನ್ನೂ ಮುಕ್ಕಾಲು ತಾಸು ಕಾದಾಡಿದ. ಇಪ್ಪತ್ತು ಮಂದಿ ಹೂಂಗುಟ್ಟಿದರು. ಅವನು ಸತ್ತ, ಎದ್ದು ಮಂಗಳ ಹಾಡಿದ. ಹಾಡು ಮುಗಿದದ್ದೇ ಪರದೆಯ ಮೇಲಿಂದ ಗುಲಾಬಿ ಎಸಳುಗಳು ಉದುರತೊಡಗಿದವು. ಅದೊಂದನ್ನು ತೆಗೆಯಲು ಅಂಜಲಿ ಮರೆತಿದ್ದಳು. ‘ನೂತನ ದಂಪತಿಗೆ ಶುಭಾಶಯ’ ಎಂಬ ಬಂಗಾರದ ಅಕ್ಷರ ಮೂಡಿ ಮಾಯವಾಯಿತು. ಪೆಟ್ಟಿಗೆಯೊಳಗೆ ಡಿಸ್ಕು ನಿಧಾನಿಸಿ, ನಿಧಾನಿಸಿ, ನಿಂತಿತು.

“ಆತೇನೇ ಅಂಜಲಿ?” ಎಂದು ಕೇಳಿದಳು ವಿರುಪಮ್ಮ, ಕೈ ಇನ್ನೂ ಕಿರೀಟದ ಮೇಲೆ.

“ಆತು ದೊಡ್ಡಜ್ಜಿ. ಸುರುವಿನಿಂದ ಕೊನೀಮಟ.”